ಅರ್ಧ ಹೋಳಿಗೆ ಬಿಟ್ಟ ಕುರಿಗಾಹಿ

ನಂಬಲ್ಲ ಅನ್ನುವವರು ಈಗಲೇ ಎದ್ದು ಹೋಗಿ. ಇಂಥ ಕತೆ ಹೇಳುವ ಗಂಡು ನಮ್ಮ ಸೀಮೆಯಲ್ಲಿ ಇನ್ನೊಬ್ಬನಿಲ್ಲ! ಹೊಂಬೆಟ್ಟದ ಅರಸ ಡಂಗುರ ಹೊಡೆಸಿದ: "ಕೇಳ್ರಪ್ಪೋ ಕೇಳಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಕೈ. ತಪ್ಪಿದವನ ತಲೆ ಸಂಜೆಯೊಳಗೆ ಕೆಳಗೆ!"

ಒಗಟಿಗೆ ಮುಂಚೆ ಹೋಳಿಗೆಯೂಟ. ಮೊದಲ ರಾಜಕುಮಾರ ಹೊಟ್ಟೆ ಬಿರಿಯ ಉಂಡು ಬಂದು ನಿಂತ.

"ಒಬ್ಬ ಕಾವಲುಗಾರ," ಅಂದಳು ಪದ್ಮಲೆ. "ಹಸಿದರೆ ಎದ್ದು ಕೂಗುತ್ತಾನೆ, ಉಂಡರೆ ತೂಕಡಿಸುತ್ತಾನೆ. ಯಾರವನು?"

"ನಾಯಿ!"

"ನಮ್ಮ ನಾಯಿ ಉಂಡ ಮೇಲೂ ಬೊಗಳುತ್ತೆ."

ತಲೆ ಉರುಳುವ ಸಂಜೆಯವರೆಗೆ ಅವನನ್ನು ಸೆರೆಗೆ ಎಳೆದೊಯ್ದರು. ಎರಡನೆಯವನು ಯೋಚಿಸುತ್ತ ಯೋಚಿಸುತ್ತ ನಿಂತಲ್ಲೇ ಗೊರಕೆ ಹೊಡೆದ. ಅವನೂ ಸೆರೆಗೆ.

ಆಮೇಲೆ ಬಂದವನು ಕುರಿಗಾಹಿ ಮೈಲಾರಿ. ಅವನ ಕಂಬಳಿ ಕಂಡು ಮಂತ್ರಿ ನಕ್ಕ: "ಏನೋ, ಕುರಿ ಎಣಿಸೋಕೆ ಬಂದ್ಯಾ?"

"ನಿಮ್ಮನ್ನೂ ಸೇರಿಸಿ ಎಣಿಸ್ಲಾ ಬುದ್ಧಿ?"

ಹೋಳಿಗೆ ಮುರಿದು ಅರ್ಧ ತಿಂದ, ಅರ್ಧ ಎಲೆಯಲ್ಲೇ ಬಿಟ್ಟ. ಕುರಿಹಟ್ಟಿಯ ಕಾವಲಿಗೆ ಕೂರುವವರು ನಿದ್ದೆ ಬಾರದಿರಲಿ ಅಂತ ಅರ್ಧ ಹೊಟ್ಟೆಗೇ ಉಣ್ಣೋದು ಪದ್ಧತಿ. ಪದ್ಮಲೆ ಅದೇ ಒಗಟು ಕೇಳಿದ್ದೇ ತಡ, ಆ ಪದ್ಧತಿ ನೆನಪಾಗಿ ಅವನಿಗೆ ಉತ್ತರ ಹೊಳೆಯಿತು.

"ನಮ್ಮೊಳಗೇ ಇರೋ ಕಾವಲುಗಾರ, ಅಮ್ಮಣ್ಣಿ. ಹಸಿವಾದರೆ 'ಏಳು, ಹುಡುಕು' ಅಂತ ಎಬ್ಬಿಸಿ ಮೈಗೆ ಕಸುವು ಕೊಡ್ತಾನೆ. ಹೊಟ್ಟೆ ತುಂಬಿದರೆ ಅವನೂ ಕೂರ್ತಾನೆ, ನಾವೂ ತೂಕಡಿಸ್ತೀವಿ."

ಪದ್ಮಲೆ ತಲೆಯಾಡಿಸಿ ಎರಡನೆಯದನ್ನು ಕೇಳಿದಳು:

"ಅವನ ಮನೆ ಎಲ್ಲಿ?"

"ತಲೆಯ ನಡುವೆ, ಆಳದಲ್ಲಿ. ಕಾಳಗದಲ್ಲಿ ನಮ್ಮ ಟಗರಿಗೆ ತಲೆಗೆ ಪೆಟ್ಟು ಬಿತ್ತು. ಹೊಟ್ಟೆಗೇನೂ ಆಗಿರಲಿಲ್ಲ, ಆದರೂ ಹುಲ್ಲು ಮೂಸಲಿಲ್ಲ, ಸದಾ ನಿದ್ದೆ."

ಮೂರನೆಯದಕ್ಕೆ ಪದ್ಮಲೆಯ ದನಿ ಸಣ್ಣದಾಯಿತು. "ಅವನು ಮನೆ ಬಿಟ್ಟು ಹೋದರೆ ಗುರುತೇನು?"

ಮೈಲಾರಿ ಕತ್ತು ಸವರಿಕೊಂಡ. ಇದೊಂದು ತಪ್ಪಿದರೆ ಆ ಕತ್ತು ಅವನದಲ್ಲ. ಆಗ ಅವನಿಗೆ ತನ್ನ ನಾಯಿ ನೆನಪಾಯಿತು.

"ನಮ್ಮ ಕರಿಯನಿಗೆ ರೊಟ್ಟಿ ತೋರಿಸಿದರೆ ಸಾಕು, ಖುಷಿಗೆ ಕಾಲು ಕುಸಿದು ಬೀಳ್ತಾನೆ. ಹಗಲೆಲ್ಲ ನಿದ್ದೆ. ಊರವರು ದೆವ್ವ ಅಂದರು. ದೆವ್ವವೂ ಅಲ್ಲ, ಸೋಮಾರಿತನವೂ ಅಲ್ಲ. ಖುಷಿ ಉಕ್ಕಿದಾಗ ಮೈ ಹಿಡಿದು ನಿಲ್ಲಿಸೋ ಕಾವಲುಗಾರ ಇಲ್ಲ, ಅಷ್ಟೇ. ಎದ್ದ ತಕ್ಷಣ ಬಾಲ ಅಲ್ಲಾಡಿಸ್ತಾನೆ, ಥೇಟ್ ಮಂತ್ರಿಗಳ ಹಾಗೆ!"

ಪದ್ಮಲೆ ಗೊಳ್ಳನೆ ನಕ್ಕಳು. ನಗುತ್ತಲೇ ಮೊಣಕಾಲು ಕುಸಿದವು. ಬೀಳುವ ಮುಂಚೆಯೇ ಮೈಲಾರಿ ಹಿಡಿದುಕೊಂಡ. ಅರಸ ಕಣ್ಣೊರೆಸಿಕೊಂಡ; ನಕ್ಕಾಗಲೆಲ್ಲ ಬೀಳುವ ಮಗಳಿಗೆ ದೆವ್ವ ಹಿಡಿದಿದೆ ಅಂತ ಅವಳನ್ನು ನಗಿಸುವುದನ್ನೇ ನಿಲ್ಲಿಸಿದ್ದ.

ಮಾತು ಮರಳಿದಾಗ ಅವಳು ಅಂದಳು: "ಮೂರೂ ಸರಿ, ಅಪ್ಪಾಜಿ. ನನ್ನ ಕಾಯಿಲೆಯನ್ನೇ ಒಗಟು ಮಾಡಿದ್ದೆ. ನಗಿಸಿ ಹಿಡಿಯೋನು ಸಿಕ್ಕ. ಸೆರೆಯಲ್ಲಿರೋರನ್ನ ಬಿಡಿಸಿ, ಪಾಪ, ನಿದ್ದೆ ಮುಗಿಸಿ ಊರಿಗೆ ಹೋಗಲಿ."

ಕೊನೆಗೆ ಮೈಲಾರಿಗೆ ಕೊಟ್ಟಿದ್ದು ಇಷ್ಟು: ರಾಜಕುಮಾರಿಯ ಕೈ, ಬೆಟ್ಟದ ಹುಲ್ಲುಗಾವಲು, ಎಲೆಯಲ್ಲಿ ಬಿಟ್ಟಿದ್ದ ಅರ್ಧ ಹೋಳಿಗೆ.