ನಾಯಿಯ ಪಾಲು ಕಸಿದ ಲಗಮವ್ವ

ಕೂತು ಕೇಳುವವರು ಕೇಳಿ, ಕುರಿ ಕಾಯುವವರು ಒಂದು ಕಣ್ಣು ಹಿಂಡಿನ ಮೇಲಿಟ್ಟು ಕೇಳಿ. ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿ ಇನ್ನೂ ತೊಟ್ಟಿಲಿಗೆ ಬಂದಿರದ ಕಾಲದಲ್ಲಿ, ಕಲ್ಲುಗುಡ್ಡದ ಕೆಳಗೆ ಒಂದು ಕುರುಬರ ಹಟ್ಟಿ ಇತ್ತಂತೆ. ಆ ಹಟ್ಟಿಯಲ್ಲಿ ಮನುಷ್ಯರಿಗಿಂತ ಕುರಿ ಹೆಚ್ಚು, ಮಾತಿಗಿಂತ ನಾಯಿಯ ಬೊಗಳು ಹೆಚ್ಚು. ಅಲ್ಲಿ ಲಗಮವ್ವ ಎಂಬ ಹೆಂಗಸು ಇದ್ದಳಂತೆ.

ಲಗಮವ್ವನಿಗೆ ಯಾರೂ ಏನನ್ನೂ ಕಲಿಸಿರಲಿಲ್ಲ. ತಾಯಿ ಎಳೆತನದಲ್ಲೇ ಹೋಗಿದ್ದಳು, ತಂದೆಗೆ ಮಾತು ಕಡಿಮೆ. ಕುರಿಯ ಮೈ ನೋಡಿ ನೋಡಿಯೇ ಅವಳು ಎಲ್ಲವನ್ನೂ ಕಲಿತಳು. ಕಿವಿಯ ಸಂದಿಯಲ್ಲಿ ರಕ್ತ ಹೀರುವ ಉಣ್ಣಿ ಕಚ್ಚಿಕೊಂಡರೆ ತಂಬಾಕಿನ ನೀರು ಹಚ್ಚಿ ಉದುರಿಸುತ್ತಿದ್ದಳು. ಗಾಯದಲ್ಲಿ ಹುಳ ಬಿದ್ದರೆ ಸೀತಾಫಲದ ಎಲೆ ಅರೆದು ತುಂಬುತ್ತಿದ್ದಳು. ಮರಿಗಳ ಹೊಟ್ಟೆ ಉಬ್ಬಿದರೆ ಮುತ್ತುಗದ ಬೀಜ ಕುಟ್ಟಿ ಮಜ್ಜಿಗೆಯಲ್ಲಿ ಕುಡಿಸುತ್ತಿದ್ದಳು, ಮರುದಿನ ಹಿಕ್ಕೆಯ ಜೊತೆ ಹುಳದ ಉಂಡೆಯೇ ಬೀಳುತ್ತಿತ್ತು. ಲಗಮವ್ವನ ನೆರಳು ಬಿದ್ದರೆ ಸಾಕು, ಉಣ್ಣಿ ತಾನಾಗಿ ಉದುರುತ್ತದೆ ಅನ್ನುತ್ತಿದ್ದರಂತೆ. ಅನ್ನುವವರು ಯಾವಾಗಲೂ ತುಸು ಹೆಚ್ಚೇ ಅನ್ನುತ್ತಾರೆ. ಆದರೆ ಲಗಮವ್ವನಿಗೆ ಅದು ಹೆಚ್ಚೆಂದು ಅನಿಸುತ್ತಿರಲಿಲ್ಲ.

ಒಂದು ರೋಗ ಮಾತ್ರ ಅವಳ ಕೈಗೆ ಬಗ್ಗುತ್ತಿರಲಿಲ್ಲ. ಅದು ತಿರುಗು ರೋಗ. ಚೆನ್ನಾಗಿ ಮೇಯುತ್ತಿದ್ದ ಕುರಿ ಒಂದು ದಿನ ಕತ್ತು ಓರೆ ಮಾಡುತ್ತದೆ. ಹಿಂಡಿನಿಂದ ಹಿಂದೆ ಉಳಿಯುತ್ತದೆ. ಆಮೇಲೆ ಗಾಣದ ಎತ್ತಿನ ಹಾಗೆ ನಿಂತಲ್ಲೇ ಸುತ್ತುತ್ತದೆ, ಸುತ್ತಿ ಸುತ್ತಿ ಬೀಳುತ್ತದೆ, ಮೇವು ಬಿಟ್ಟು ಸಾಯುತ್ತದೆ. ಅಂಥ ಕುರಿಯನ್ನು ಕೊಯ್ದು ಹಂಚಿಕೊಳ್ಳುವುದೊಂದೇ ದಾರಿಯಾಗಿತ್ತು. ಕೊಯ್ದ ಕುರಿಯದಿರಲಿ, ಸತ್ತ ಕುರಿಯದಿರಲಿ, ತಲೆ ಮಾತ್ರ ದೊಡ್ಡಿ ಕಾಯುವ ನಾಯಿಗೆ. ಅದು ಹಟ್ಟಿಯ ಕಟ್ಟಳೆ. ತೋಳ ಬಂದಾಗ ನಾಯಿ ತನ್ನ ತಲೆ ಕೊಡುತ್ತದೆ, ಅದಕ್ಕೆ ಕುರಿಯ ತಲೆ ಅದರ ಪಾಲು. ತಲೆಗೆ ತಲೆ ಎಂದು ಹಿರಿಯರು ಮಾಡಿಟ್ಟ ಲೆಕ್ಕ ಅದು. ಅದನ್ನು ಯಾರೂ ಮುರಿದಿರಲಿಲ್ಲ.

ಹೀಗಿರುವಾಗ ಲಗಮವ್ವನ ಮೈದುನನಿಗೆ ಮದುವೆಯಾಯಿತು. ಹೊಳೆಯಾಚೆಯ ಹಟ್ಟಿಯಿಂದ ಜಕ್ಕವ್ವ ಎಂಬ ಹುಡುಗಿ ಲಗಮವ್ವನಿಗೆ ನೆಗೆಣ್ಣಿಯಾಗಿ ಬಂದಳು. ಗಂಟಿನಲ್ಲಿ ಎರಡು ಸೀರೆ, ಒಂದು ಸಣ್ಣ ಚೂರಿ, ನವಿಲುಗರಿಯ ಟೊಳ್ಳು ಬುಡ. ಬಂದು ಅರಿಶಿನ ಆರಿರಲಿಲ್ಲ, ದೊಡ್ಡಿಯಲ್ಲಿ ಒಂದು ಕುರಿ ತಿರುಗತೊಡಗಿತು. ಗಂಡಸರು ಕೊಯ್ಯಲು ಎಳೆದರು. ಜಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ನಿಂತಳಂತೆ. ಕುರಿಯ ತಲೆಯನ್ನು ತೊಡೆಯ ನಡುವೆ ಹಿಡಿದು, ಬುರುಡೆಯ ಮೇಲೆ ಹೆಬ್ಬೆರಳಿಂದ ಒತ್ತುತ್ತಾ ಹೋದಳು. ಒಂದು ಕಡೆ ಬುರುಡೆ ಹಪ್ಪಳದ ಹಾಗೆ ಮೆತ್ತಗೆ ತಗ್ಗಿತು. ಅಲ್ಲಿ ಚೂರಿಯಿಂದ ಸಣ್ಣ ಕಿಂಡಿ ಕೊರೆದು, ಗರಿಯ ಬುಡ ಇಳಿಸಿ, ಬಾಯಿಂದ ಹೀರಿ ಎಳೆದಳು. ಒಂದು ನೀರಿನ ಗುಳ್ಳೆ ಬಂತು. ಕೋಳಿಮೊಟ್ಟೆಯಷ್ಟು ದೊಡ್ಡದು, ತಿಳಿಯಾದದ್ದು, ಒಳಮೈಗೆ ಅಕ್ಕಿನುಚ್ಚು ಅಂಟಿಸಿದಂತೆ ಬಿಳಿ ಚುಕ್ಕಿ. ಕಿಂಡಿಗೆ ಅರಿಶಿನ ಮೆತ್ತಿ ಬಟ್ಟೆ ಕಟ್ಟಿದಳು. ಗುಳ್ಳೆಯನ್ನು ತನ್ನ ಜೊತೆ ಬಂದಿದ್ದ ಕೆಂದ ಎಂಬ ನಾಯಿಗೆ ಎಸೆದು, "ತಗೋ, ನಿನ್ನ ಪಾಲು" ಅಂದಳು. ಕೆಲವು ದಿನಕ್ಕೆ ಆ ಕುರಿ ನೆಟ್ಟಗೆ ನಡೆದು ಹಿಂಡಿಗೆ ಸೇರಿತು.

ಅಂದಿನಿಂದ ಜಕ್ಕವ್ವನ ಹೆಸರು ಗಾಳಿಗೆ ಹತ್ತಿತು. ಅವಳು ಮುಟ್ಟಿದ ಕುರಿಗಳಲ್ಲಿ ಅರ್ಧ ಸಾಯುತ್ತಿದ್ದವು, ಆದರೆ ಸತ್ತದ್ದನ್ನು ಯಾರೂ ನೆನಪಿಡಲಿಲ್ಲ. ಸಾಯುವ ಕುರಿ ಸತ್ತಿತು, ಬದುಕಿದ್ದು ಜಕ್ಕವ್ವನ ಕೈಯಿಂದ ಎಂದರು. ಸುತ್ತಲಿನ ಹಟ್ಟಿಗಳಿಂದ ಜನ ಕುರಿಯನ್ನು ಹೆಗಲ ಮೇಲೆ ಹೊತ್ತು ಬಂದರು.

ಲಗಮವ್ವನಿಗೆ ಹೊಟ್ಟೆಯಲ್ಲಿ ಹಸಿಮೆಣಸಿನಕಾಯಿ ಅರೆದಂತಾಯಿತು. ತಾನು ಹಾಸಿದ ಕಂಬಳಿಯ ಮೇಲೆ ಇನ್ನೊಬ್ಬಳು ಬಂದು ಕಾಲು ಚಾಚಿದ ಹಾಗೆ. ಉಣ್ಣಿ ಕೀಳುವುದು, ಹುಳ ತೆಗೆಯುವುದು, ಇವೆಲ್ಲ ಈಗ ಜನರಿಗೆ ಕಸ ಗುಡಿಸಿದ ಹಾಗೆ ಕಾಣತೊಡಗಿದವು. ಒಂದೇ ಮನೆಯಾದರೂ ಜಕ್ಕವ್ವ ಬಡಿದ ರೊಟ್ಟಿ ಲಗಮವ್ವನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪರವೂರಿನವರು ಬಂದು ಜಕ್ಕವ್ವನ ಮನೆ ಯಾವುದು ಎಂದು ಕೇಳಿದರೆ, "ಇಲ್ಲಿ ಅಂಥಾಕಿ ಯಾರೂ ಇಲ್ಲ, ಗುಡ್ಡದ ಆಚಿ ಹಟ್ಟ್ಯಾಗ ಕೇಳ್ರಿ" ಎಂದು ಕಳಿಸಿಬಿಡುತ್ತಿದ್ದಳಂತೆ. ಅವರು ಕುರಿ ಹೊತ್ತು ಗುಡ್ಡ ಸುತ್ತಿ, ಬೆವರಿಳಿಸಿಕೊಂಡು ಮತ್ತೆ ಇದೇ ಬಾಗಿಲಿಗೆ ಬರುತ್ತಿದ್ದರು. ಜಕ್ಕವ್ವ ನೀರು ಕೊಟ್ಟು, "ನಮ್ಮ ಯಕ್ಕ ನಿಮ್ಮ ಕುರಿ ಸುತ್ತೂದು ಸಾಲಲಿಲ್ಲ ಅಂತ ನಿಮ್ಮನ್ನೂ ಸುತ್ತಿಸ್ಯಾಳ ನೋಡ್ರಿ" ಎಂದು ನಗುತ್ತಿದ್ದಳು. ಆ ನಗು ಲಗಮವ್ವನಿಗೆ ಮೆಣಸಿನಕಾಯಿಯ ಮೇಲೆ ಉಪ್ಪಾಗುತ್ತಿತ್ತು.

ಹೊಟ್ಟೆಕಿಚ್ಚು ಎಂದು ಮೂಗು ಮುರಿಯಬೇಡಿ. ಹೊಟ್ಟೆಕಿಚ್ಚಿಗೆ ಇರುವ ಕಣ್ಣು ಪ್ರೀತಿಗೂ ಇಲ್ಲ. ಪ್ರೀತಿ ಒಮ್ಮೆ ನೋಡಿ ಸಾಕೆನ್ನುತ್ತದೆ, ಹೊಟ್ಟೆಕಿಚ್ಚು ನೋಡುತ್ತಲೇ ಇರುತ್ತದೆ. ಲಗಮವ್ವ ಹಾಗೆ ನೋಡಿದಳು. ಜಕ್ಕವ್ವ ಏನು ತಿಂದಳು, ಯಾವ ದೇವರಿಗೆ ಕೈಮುಗಿದಳು, ಗುಳ್ಳೆ ಎಲ್ಲಿ ಹೋಯಿತು, ಎಲ್ಲವನ್ನೂ ನೋಡಿದಳು. ಮಂತ್ರ ಕಾಣಲಿಲ್ಲ. ಕಂಡದ್ದು ನಾಯಿ. ಗುಳ್ಳೆಯೆಲ್ಲ ಕೆಂದನ ಹೊಟ್ಟೆಗೇ ಹೋಗುತ್ತಿತ್ತು. ಅವಳು ಕೆಂದನ ಬೆನ್ನು ಹತ್ತಿದಳು. ಮಟಮಟ ಮಧ್ಯಾಹ್ನ, ಕುರಿಗಳು ನೆರಳಿಗೆ ಮಲಗಿದಾಗ, ಕೆಂದ ಹುಲ್ಲಿನಲ್ಲಿ ಕೂತು ಎದ್ದು ಹೋಯಿತು. ಲಗಮವ್ವ ಬಗ್ಗಿ ನೋಡಿದಳು. ನಾಯಿಯ ಹೇಲಿನಲ್ಲಿ ಅಕ್ಕಿಕಾಳಿನಂಥ ಬಿಳಿ ಚೂರುಗಳು. ಅವು ಮಿಸುಕುತ್ತಿದ್ದವು. ಮಳೆ ಬಂತು, ಆ ಜಾಗದಲ್ಲಿ ಹುಲ್ಲು ಚಿಗುರಿತು, ಮರಿಗಳು ಮೇದವು. ಮುಂದಿನ ಚಳಿಗಾಲಕ್ಕೆ ಅಲ್ಲಿ ಮೇದ ಮರಿಗಳೇ ಕತ್ತು ಓರೆ ಮಾಡಿದವು.

ಲಗಮವ್ವನಿಗೆ ಹಬ್ಬ ಸಿಕ್ಕಂತಾಯಿತು. ಬನ್ನಿಮರದ ಕಟ್ಟೆಯ ಮುಂದೆ ಹಟ್ಟಿಯವರನ್ನೆಲ್ಲ ಕೂಡಿಸಿದಳು. ಹಟ್ಟಿಯ ಹಿರಿಯ ಬರಮಪ್ಪ ಕಟ್ಟೆಯ ಮೇಲೆ ಕೂತಿದ್ದ.

"ಕಾಕಾ, ರೋಗ ಕಳಿಯಾಕಿ ಅಲ್ಲ ಈಕಿ, ರೋಗ ಬಿತ್ತಾಕಿ" ಅಂದಳು. "ಗುಳ್ಳಿ ನಾಯಿಗೆ ತಿನಸ್ತಾಳ. ನಾಯಿ ಹೇತಲ್ಲಿ ಮೇದ ಮರಿ ತಿರಗತಾವ. ಬಿತ್ತಾಕಿನೂ ಈಕಿ, ಕೊಯ್ಯಾಕಿನೂ ಈಕಿ. ಈಕಿನ್ನ ಹಟ್ಟಿ ಬಿಟ್ಟು ಕಳಸ್ರಿ!"

ಬರಮಪ್ಪ ಮೀಸೆ ಸವರಿದನಂತೆ. "ಲಗಮವ್ವಾ, ಮೊನ್ನಿ ತಿರಗಿ ಸತ್ತ ನನ್ನ ಕುರಿ ತಲಿ ತಿಂದಾವ ಯಾರು? ನಿನ್ನ ನಾಯಿ ಹಂಡ. ಹಂಗಾರ ಅವನೂ ಬಿತ್ತತಾನೇನು? ನಿನ್ನ ಕೈಯಾಗೂ ಒಂದು ಬಿತ್ತೂ ಕೂರಿಗಿ ಐತೆಲ್ಲ ಯವ್ವಾ!"

ಕಟ್ಟೆಯೇ ಅಲ್ಲಾಡುವ ಹಾಗೆ ಜನ ನಕ್ಕರು. ಜಕ್ಕವ್ವ ಮಾತ್ರ ನಗಲಿಲ್ಲವಂತೆ. ಅವಳು ನಕ್ಕಿದ್ದರೆ ಲಗಮವ್ವನಿಗೆ ಎಷ್ಟೋ ಹಗುರಾಗುತ್ತಿತ್ತು.

ಲಗಮವ್ವ ಮನೆಗೆ ಬಂದು ಬಾಗಿಲು ಹಾಕಿಕೊಂಡಳು. ಆದರೆ ಬರಮಪ್ಪನ ಮಾತು ಬಾಗಿಲು ದಾಟಿ ಒಳಗೆ ಬಂದಿತ್ತು. ಬೆಳಿಗ್ಗೆ ಎದ್ದು ಬೆಲ್ಲದ ಉಂಡೆಯಲ್ಲಿ ಮುತ್ತುಗದ ಬೀಜದ ಪುಡಿ ಸೇರಿಸಿ ಹಂಡನಿಗೆ ತಿನ್ನಿಸಿದಳು. ಸಂಜೆಯೊಳಗೆ ಹಂಡನ ಹೊಟ್ಟೆಯಿಂದ ಲಂಗದ ಲಾಡಿಯಂಥ ಉದ್ದನೆಯ ಹುಳ ಬಿತ್ತು, ಗೆಣ್ಣು ಗೆಣ್ಣಾಗಿ ಹರಿಯಿತು. ಒಂದೊಂದು ಗೆಣ್ಣೂ ಒಂದೊಂದು ಅಕ್ಕಿಕಾಳು. ಅವಳು ಅದನ್ನು ಕೋಲಿನಿಂದ ಕೆದಕಿ ನೋಡುತ್ತಾ ಕೂತೇ ಇದ್ದಳಂತೆ. ಗುಳ್ಳೆಯೊಳಗಿನ ನುಚ್ಚು ನಾಯಿಯ ಹೊಟ್ಟೆಯಲ್ಲಿ ಲಾಡಿಯಾಗುತ್ತದೆ, ಲಾಡಿಯ ಕಾಳು ಹುಲ್ಲಿಗೆ ಬೀಳುತ್ತದೆ, ಹುಲ್ಲಿನಿಂದ ಕುರಿಗೆ ಹೋಗಿ ತಲೆಯಲ್ಲಿ ಮತ್ತೆ ಗುಳ್ಳೆಯಾಗುತ್ತದೆ. ಜಕ್ಕವ್ವನೊಬ್ಬಳೇ ಅಲ್ಲ, ಹಟ್ಟಿಗೆ ಹಟ್ಟಿಯೇ ಬಿತ್ತುತ್ತಿದೆ. ತಾನೂ ಬಿತ್ತಿದ್ದಾಳೆ.

ಬೇರೆಯವಳಾಗಿದ್ದರೆ ಅಲ್ಲಿಗೆ ಅತ್ತು ಸುಮ್ಮನಾಗುತ್ತಿದ್ದಳು. ಲಗಮವ್ವನ ತಲೆಯಲ್ಲಿ ಬೇರೆಯೇ ಬೆಳಕು ಹೊತ್ತಿತು. ಬಿತ್ತನೆ ನಿಂತರೆ ಕೊಯ್ಲು ಎಲ್ಲಿಯದು? ಕೊಯ್ಲು ಇಲ್ಲದಿದ್ದರೆ ಜಕ್ಕವ್ವನ ಚೂರಿಗೆ ಏನು ಕೆಲಸ?

ಅಂದಿನಿಂದ ಹಟ್ಟಿಯಲ್ಲಿ ಯಾವ ಕುರಿ ಸತ್ತರೂ, ಯಾವುದನ್ನು ಕೊಯ್ದರೂ, ನಾಯಿ ಬಾಯಿ ಹಾಕುವ ಮೊದಲೇ ಲಗಮವ್ವ ತಲೆ ಎತ್ತಿಕೊಂಡು ಹೋಗುತ್ತಿದ್ದಳು. ಗುಡ್ಡದ ಬುಡದಲ್ಲಿ ಮೊಳಕಾಲುದ್ದ ಗುಂಡಿ ತೋಡಿ, ತಲೆ ಹೂತು, ನಾಯಿ ಕೆದಕದಂತೆ ಮೇಲೆ ಕಲ್ಲು ಹೇರುತ್ತಿದ್ದಳು. ಜಕ್ಕವ್ವ ತೆಗೆದ ಗುಳ್ಳೆಯನ್ನೂ ಬಿದ್ದ ಮಣ್ಣಿನ ಸಮೇತ ಬಾಚಿಕೊಂಡು ಒಲೆಗೆ ಹಾಕುತ್ತಿದ್ದಳು. ಹಟ್ಟಿ ರೇಗಿತು. ನಾಯಿಯ ಪಾಲು ಕಸಿದವಳು ಎಂದು ಹೆಂಗಸರು ಅವಳ ಕೊಡ ಮುಟ್ಟಲಿಲ್ಲ. ನಾಯಿಗಳು ಬಡವಾದರೆ ತೋಳಕ್ಕೆ ಯಾರು ಅಡ್ಡ ನಿಲ್ಲುವವರು ಎಂದು ಬರಮಪ್ಪ ಗದರಿದ. ಯಾಕೆ ಹೀಗೆ ಮಾಡುತ್ತೀ ಎಂದು ಕೇಳಿದ.

"ಅಕಿ ಹೆಸರು ಮಣ್ಣಾಗಲಿ ಅಂತ ಹುಗೀತೀನಿ ಕಾಕಾ" ಅಂದಳಂತೆ, ಮುಚ್ಚುಮರೆ ಇಲ್ಲದೆ. "ನಾಯಿ ಚಿಂತಿ ನಿನಗ ಬ್ಯಾಡ. ಹಟ್ಟ್ಯಾಗಿನ ನಾಯಿಗೆಲ್ಲ ನನ್ನ ಒಲಿ ರೊಟ್ಟಿ."

ಹೇಳಿದಂತೆ ಮಾಡಿದಳು. ಸಜ್ಜೆ ಬೀಸಿ ಬೀಸಿ ಅವಳ ಅಂಗೈ ಕುರಿಯ ಗೊರಸಿನಂತಾಯಿತು ಅನ್ನುತ್ತಾರೆ. ರೊಟ್ಟಿಯ ಉಂಡೆಯಲ್ಲಿ ಆಗಾಗ ಮುತ್ತುಗದ ಬೀಜವೂ ಇರುತ್ತಿತ್ತು. ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ತಿರುಗುವ ಕುರಿ ಕಡಿಮೆಯಾದವು. ಮತ್ತೊಂದು ಮಳೆಗಾಲಕ್ಕೆ ಹಟ್ಟಿಯಲ್ಲಿ ಕತ್ತು ಓರೆ ಮಾಡಿದ ಒಂದು ಮರಿಯೂ ಇರಲಿಲ್ಲ. ಜಕ್ಕವ್ವನ ಚೂರಿ ತುಕ್ಕು ಹಿಡಿದು ಸೂರಿನಲ್ಲಿ ನೇತಾಡಿತು.

ಲಗಮವ್ವ ಗೆದ್ದಳು ಅಂದುಕೊಂಡಳು. ಆದರೆ ಜನ ಏನಂದರು ಗೊತ್ತೇ? ಜಕ್ಕವ್ವನ ಕೈಗೆ ಹೆದರಿ ರೋಗವೇ ಹಟ್ಟಿ ಬಿಟ್ಟು ಓಡಿತು ಅಂದರು!

ಆ ಮಾತು ಕೇಳಿ ಲಗಮವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳಂತೆ. ಬೀಸಿದವಳು ಒಬ್ಬಳು, ಉಂಡವಳು ಇನ್ನೊಬ್ಬಳು. ಅದೇ ವಾರ ಬರಮಪ್ಪ ದೂರದ ಊರಿಂದ ಕೊಂಡು ತಂದಿದ್ದ ಕುರಿಯೊಂದು ತಿರುಗಿ ತಿರುಗಿ, ಜಕ್ಕವ್ವ ಚೂರಿ ಮಸೆಯುವುದರೊಳಗೇ ಸತ್ತಿತು. ಲಗಮವ್ವ ಎಂದಿನಂತೆ ತಲೆ ಹೊತ್ತು ಗುಡ್ಡದ ಬುಡಕ್ಕೆ ಹೋದಳು. ಹಟ್ಟಿಯ ನಾಯಿಗಳೆಲ್ಲ ಬಾಲ ಆಡಿಸುತ್ತಾ ಹಿಂದೆ ಬಂದವು. ಅವಳು ಗುಂಡಿ ತೋಡಲಿಲ್ಲ. ತಲೆಯನ್ನು ಕೈಯಲ್ಲಿ ಹಿಡಿದು ನಿಂತಳು. ಎಸೆದರಾಯಿತು. ಒಂದು ಎಸೆತ. ರೋಗ ಮತ್ತೆ ಬರುತ್ತದೆ, ಮರಿಗಳು ಮತ್ತೆ ಸುತ್ತುತ್ತವೆ, ಆಗ ತಿಳಿಯುತ್ತದೆ ಹಟ್ಟಿಗೆ, ಇಷ್ಟು ದಿನ ಕಾದವಳು ಯಾರು ಎಂದು. ಕೈ ಎತ್ತಿದಳು.

"ಒಗಿ ಯಕ್ಕಾ" ಎಂದು ಹಿಂದಿನಿಂದ ಮಾತು ಬಂತು. ಜಕ್ಕವ್ವ ಅಲ್ಲಿ ನಿಂತಿದ್ದಳು. "ಒಗದು ಬಿಡು. ನನ್ನ ಚೂರಿನೂ ಖಾಲಿ ಕುಂತೈತಿ."

ಲಗಮವ್ವನ ಕೈ ಗಾಳಿಯಲ್ಲೇ ನಿಂತಿತು. "ರೋಗ ಬಂದರ ಮಂದಿ ಯಾರ ಬಾಗಲಿಗೆ ಬರತಾರ?"

"ಮತ್ಯಾರ ಬಾಗಲಿಗೆ? ನನ್ನ ಬಾಗಲಿಗೆ."

"ಹಂಗಾರ ನಾ ಸಾಯೂ ತನಕ ಒಗಿಯಂಗಿಲ್ಲ" ಅಂದು ಲಗಮವ್ವ ಕುಕ್ಕರಿಸಿ ಕೂತು ಗುಂಡಿ ತೋಡತೊಡಗಿದಳು.

 ತಲೆ ಹೂತ ಮೇಲೆ ಜಕ್ಕವ್ವ ಒಂದು ದಪ್ಪ ಕಲ್ಲು ಉರುಳಿಸಿಕೊಂಡು ಬಂದು ಗುಂಡಿಯ ಬಾಯಿಗೆ ಕೂಡಿಸಿದಳು. "ನಾ ಒಂದೊಂದು ಕುರಿ ಹಿಡಿದು ಉಳಿಸಿದೆ, ಅರ್ಧ ಕೊಂದೆ" ಅಂದಳಂತೆ. "ನೀ ಒಂದನ್ನೂ ಮುಟ್ಟಲಿಲ್ಲ, ಹಿಂಡಿಗೆ ಹಿಂಡ ಉಳಿಸಿದಿ. ನನಗ ಹೊಟ್ಟಿ ಉರೀತೈತಿ ಯಕ್ಕಾ."

ಲಗಮವ್ವ ತಲೆ ಎತ್ತಿ ನೋಡಿದಳು. ಜಕ್ಕವ್ವನ ಮುಖದಲ್ಲಿ ನಿಜವಾಗಿಯೂ ಉರಿ ಇತ್ತು. ಅದನ್ನು ಕಣ್ತುಂಬ ನೋಡಿದಳು. ಅವತ್ತು ಮನೆಗೆ ಬಂದು ಜಕ್ಕವ್ವ ಬಡಿದ ರೊಟ್ಟಿಯನ್ನೇ ಹೊಟ್ಟೆ ತುಂಬ ಉಂಡಳು ಎಂದು ಹೇಳುತ್ತಾರೆ.

ಕಟ್ಟೆಯ ಮುಂದೆ ನಿಂತು ನಾಯಿ, ಲಾಡಿಹುಳ, ಗುಳ್ಳೆ ಎಲ್ಲವನ್ನೂ ಹಟ್ಟಿಗೆ ಬಿಡಿಸಿ ಹೇಳಿದವಳು ಜಕ್ಕವ್ವನೇ. ಜಕ್ಕವ್ವನ ಮಾತೆಂದು ಜನ ನಂಬಿದರು. ಬರಮಪ್ಪ ಬಂದು ಲಗಮವ್ವನಿಗೆ ಕೈಮುಗಿದ. ಲಗಮವ್ವ ಮೋರೆ ತಿರುಗಿಸಿ, "ಅದನ್ನೂ ಅಕಿನ ಹೇಳಬೇಕಿತ್ತೇನು? ನನಗ ಬಾಯಿ ಇದ್ದಿಲ್ಲೇನು?" ಅಂದಳಂತೆ. ಅವಳು ಸಾಯುವ ತನಕ ಹಾಗೇ ಇದ್ದಳು. ಒಂದು ತಲೆಯನ್ನೂ ನಾಯಿಗೆ ಬಿಡಲಿಲ್ಲ, ಒಂದು ಒಳ್ಳೆಯ ಮಾತನ್ನೂ ಜಕ್ಕವ್ವನಿಗೆ ಬಿಡಲಿಲ್ಲ.

ಈಗಲೂ ಆ ಸೀಮೆಯ ಹಟ್ಟಿಗಳಲ್ಲಿ ಒಲೆಯ ಮೊದಲ ರೊಟ್ಟಿ ನಾಯಿಗೆ. ಕುರಿ ಸತ್ತರೆ ತಲೆಯನ್ನು ಆಳವಾಗಿ ಹೂಳುತ್ತಾರೆ, ಮನೆಯವರೆಲ್ಲ ಒಂದೊಂದು ಕಲ್ಲು ಇಡುತ್ತಾರೆ. ಕಲ್ಲು ಇಡುವಾಗ ಹೆಂಗಸರು, "ಲಗಮವ್ವಾ, ನೀನ ಇಟಗೋ, ಯಾರಿಗೂ ಕೊಡಬ್ಯಾಡ" ಅನ್ನುತ್ತಾರೆ. ಹಾಗೆ ಅನ್ನುವಾಗ ಯಾರಾದರೂ ಬಾಯ್ತಪ್ಪಿ ಜಕ್ಕವ್ವನ ಹೆಸರು ಎತ್ತಿದರೆ ಪಕ್ಕದವರು ತಟ್ಟನೆ ಬಾಯಿ ಮುಚ್ಚಿಸುತ್ತಾರೆ. ಆ ಹೆಸರು ಕಿವಿಗೆ ಬಿದ್ದರೆ ಲಗಮವ್ವ ಸಿಟ್ಟಿಗೆದ್ದು ತಲೆಯನ್ನು ಹೊರಗೆ ಎಸೆದುಬಿಡುತ್ತಾಳಂತೆ.