ಹೊಳೆಯವ್ವ ಊಟಕ್ಕೆ ಬಂದ ದಿನ

ಒಂದಾನೊಂದು ಕಾಲದಲ್ಲಿ, ಅಂದರೆ ರಾಜರ ಕಾಲದಲ್ಲೇನಲ್ಲ, ಹೊಳೆಗೆ ಸೇತುವೆ ಬಂದಮೇಲಿನ ಕಾಲದಲ್ಲೇ, ಒಂದೂರಲ್ಲಿ ಹುಲಿಗೆವ್ವ ಅಂತ ಒಬ್ಬ ಅಂಬಿಗರ ಹೆಂಗಸು ಇದ್ದಳಂತೆ. ಹರಿಗೋಲು ಹಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಹೊಳೆಯ ಎರಡು ದಂಡೆಯಲ್ಲೂ ಇರಲಿಲ್ಲವಂತೆ. ಸೇತುವೆ ಆದಮೇಲೆ ಹೊಳೆ ದಾಟೋಕೆ ಅವಳನ್ನು ಯಾರೂ ಕರೀಲಿಲ್ಲ. ಆದರೆ ಹಬ್ಬ ಬಂತೆಂದರೆ ಸುತ್ತಲ ಹತ್ತೂರಿನ ಜನ ಬುತ್ತಿ ಕಟ್ಟಿಕೊಂಡು ದಂಡೆಗೆ ಬಂದು, ಮಿಂದು, ಮರಳಿನ ಮೇಲೆ ಹಾಸಿಕೊಂಡು ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲಾ ಉಂಡು, ಆಮೇಲೆ ಮಕ್ಕಳನ್ನು ಹುಲಿಗೆವ್ವನ ಹರಿಗೋಲಲ್ಲಿ ಕೂರಿಸೋರಂತೆ. ಅದೇ ಅವಳ ಬದುಕು, ಅದೇ ಅವಳ ಸಡಗರ.

ಮೊದಲೆಲ್ಲ ಜನ ಮುತ್ತುಗದ ಎಲೆಯಲ್ಲಿ ಉಣ್ಣೋರು, ಎದ್ದು ಹೋಗೋರು. ಎಲೆಯನ್ನು ದನ ತಿನ್ನೋವು, ಉಳಿದದ್ದು ಮಣ್ಣಾಗೋದು. ಆಮೇಲೆ ಏನಾಯ್ತಂದರೆ ಎಲೆ ಹೋಗಿ ಪ್ಲಾಸ್ಟಿಕ್ ತಟ್ಟೆ ಬಂತು, ತಂಬಿಗೆ ಹೋಗಿ ಬಾಟಲಿ ಬಂತು, ಬುತ್ತಿ ಕಟ್ಟುವ ಬಟ್ಟೆ ಹೋಗಿ ಕ್ಯಾರಿಬ್ಯಾಗು ಬಂತು. ಜನ ಮಾತ್ರ ಮೊದಲಿನ ಹಾಗೇ ಉಂಡು ಎದ್ದು ಹೋಗೋರಂತೆ.

ಹೀಗಿರುವಾಗ ಆ ಊರಿನ ಶಂಕ್ರಗೌಡರ ಹಾಲು ಕೊಡೋ ಎಮ್ಮೆ ದಂಡೆಗೆ ಮೇಯಲು ಹೋಗಿ, ಅನ್ನ ಅಂಟಿದ ಕ್ಯಾರಿಬ್ಯಾಗು ನುಂಗಿ, ಹೊಟ್ಟೆ ಉಬ್ಬಿ ಸತ್ತುಹೋಯಿತಂತೆ. ಗೌಡರು ಕೆಂಡವಾದರು. ಹೊಳಿ ದಂಡಿಗೆ ಜಾಲಿ ಮುಳ್ಳಿನ ಬೇಲಿ ಹಾಕಸ್ತೀನಿ, ಇನ್ನ ಮ್ಯಾಲೆ ಇಲ್ಲಿ ಬುತ್ತಿನೂ ಇಲ್ಲ ಗಿತ್ತಿನೂ ಇಲ್ಲ ಅಂದುಬಿಟ್ಟರಂತೆ. ಹುಲಿಗೆವ್ವನ ಕಿವಿಗೂ ಈ ಮಾತು ಬಿತ್ತು. ಬೇಲಿ ಬಿದ್ದರೆ ಹರಿಗೋಲಿಗೆ ಯಾರು ಬರ್ತಾರೆ? ಓಡಿಹೋಗಿ ಗೌಡರ ಕಟ್ಟೆ ಮುಂದೆ ನಿಂತು, ಯಪ್ಪಾ, ಮೂರು ಹಬ್ಬ ತಡೀರಿ, ಮೂರರೊಳಗ ದಂಡಿ ಹಸನ ಮಾಡಿ ತೋರಸ್ತೀನಿ, ಆಗಲಿಲ್ಲಂದ್ರ ಮೊದಲನೇ ಮುಳ್ಳು ನಾನ ಹೊತ್ತು ತರ್ತೀನಿ ಅಂದಳಂತೆ. ಗೌಡರು ಮೀಸೆಯಲ್ಲೇ ನಕ್ಕು, ಆತು, ಮೂರು ಅಂದ್ರ ಮೂರು ಅಂದರಂತೆ.

ಮೊದಲು ಎಳ್ಳಮಾಸಿ ಬಂತು. ಹುಲಿಗೆವ್ವ ಹರಿಗೋಲಿನ ಹುಟ್ಟು ಹಿಡಿದು ದಂಡೆ ತುಂಬ ಓಡಾಡಿದಳು. ಏ ಅಣ್ಣಾ, ಆ ಬಾಟಲಿ ಎತ್ತು. ಏ ತಂಗಿ, ನಿಮ್ಮನ್ಯಾಗೂ ಹಿಂಗ ಒಗೀತೀಯೇನು? ಅವಳ ಬಾಯಿಗೆ ಹೆದರಿ ಎಲ್ಲರೂ ಹೂಂ ಹೂಂ ಅಂದರು. ಸಂಜೆಗೆ ದಂಡೆ ತಿಕ್ಕಿದ ಬೆಳ್ಳಿ ತಟ್ಟೆ ಹಂಗೆ ಥಳಥಳ ಅಂತಿತ್ತಂತೆ. ಬೆಳಗ್ಗೆ ಗೌಡರು ಬಂದು ಕಾಲಲ್ಲಿ ಮರಳು ಕೆದರಿದರೆ, ಏನು ನೋಡೋದು, ಅಡಿಯಲ್ಲೆಲ್ಲ ತಟ್ಟೆ, ಲೋಟ, ಖಾಲಿ ಅಡಿಕೆ ಚೀಟು! ಜನ ಬೆಕ್ಕಿನ ಹಾಗೆ ಮರಳು ಎಳೆದು ಮುಚ್ಚಿ ಹೋಗಿದ್ದರು. ಒಂದು ಹಬ್ಬ ಹೋತು ನೋಡು ಹುಲಿಗೆವ್ವ, ಅಂದರಂತೆ ಗೌಡರು.

ಆಮೇಲೆ ಸಂಕ್ರಾಂತಿ ಬಂತು. ಬೈದರೆ ಆಗೋದಿಲ್ಲ, ನಾನೇ ಆರಿಸ್ತೀನಿ ಅಂತ ಅವಳು ಗೋಣಿಚೀಲ ಹಿಡಿದು ಹೊರಟಳಂತೆ. ಇತ್ತ ಒಂದು ಎತ್ತಿದರೆ ಅತ್ತ ಎರಡು ಬೀಳೋವು. ಯಾವಳೋ ಒಬ್ಬಳು ಕೂಸಿನ ಬಾಯಿ ಒರೆಸುತ್ತಾ, ಇರ್ಲಿ ಬಿಡ್ರಿ, ಎತ್ತಾಕ ಆಕಿ ಅದಾಳಲ್ಲ ಅಂದು, ತಾನು ಕೈಯಲ್ಲಿ ಹಿಡಿದಿದ್ದ ಬಾಟಲಿನೂ ಬಿಸಾಕಿದಳಂತೆ. ಹರಿಗೋಲು ಭರ್ತಿಯಾಯಿತು, ಹುಲಿಗೆವ್ವನ ಸೊಂಟ ಬಿಲ್ಲಾಯಿತು, ದಂಡೆ ಮಾತ್ರ ಹಂಗೇ ಇತ್ತಂತೆ. ಎರಡೂ ಹೋದವು, ಮುಳ್ಳು ಕಡಿಯಾಕ ಆಳಿಗೆ ಹೇಳೀನಿ ಅಂದರಂತೆ ಗೌಡರು.

ಆದರೂ ಹುಲಿಗೆವ್ವ ಎದೆಗುಂದಲಿಲ್ಲ. ಸುಳಿಗೆ ಸಿಕ್ಕ ಹರಿಗೋಲನ್ನೇ ಬಿಡಿಸಿಕೊಂಡು ಬಂದವಳಿಗೆ ಇದೇನು ಮಹಾ. ಅವತ್ತು ಗೌಡರ ಹೆಂಡತಿ ಬಸಲಿಂಗವ್ವ, ಮುಂಜಾನಿಂದ ಉಪವಾಸ ಅದೀ, ಬಾ ಎರಡು ತುತ್ತು ಉಣ್ಣು ಅಂತ ಕರೆದು ಎಲೆ ಹಾಕಿದಳಂತೆ. ಉಂಡಾದಮೇಲೆ ಹುಲಿಗೆವ್ವ ತನ್ನ ಎಲೆ ತಾನೇ ಎತ್ತೋಕೆ ಹೋದರೆ ಬಸಲಿಂಗವ್ವ ಗಪ್ಪನೆ ಕೈ ಹಿಡಿದಳು. ಏನವ್ವಾ, ಉಣ್ಣಾಕ ಬಂದಾಕಿ ಎಲಿ ಎತ್ತಿದ್ರ ನಮ್ಮ ಮರ್ಯಾದಿ ಏನಾಗಬೇಕು? ಬೀಗರು ಕೈ ತೊಳಕೊಂಡು ಏಳಬೇಕು, ಮನಿ ಮಂದಿ ಎಲಿ ಎತ್ತಬೇಕು, ಅಷ್ಟೂ ತಿಳಿಯಂಗಿಲ್ಲೇನು ಅಂತ ರೇಗಿದಳಂತೆ.

ಹುಲಿಗೆವ್ವ ಅಲ್ಲೇ ನಿಂತು ಯೋಚಿಸಿದಳು. ಅಲ್ಲಾ, ಈ ಜನ ಹೊಲಸು ಜನ ಅಲ್ಲ, ಅವರವರ ಅಂಗಳ ಕನ್ನಡಿ ಹಂಗಿರತಾವೆ. ಹೊಳೆ ದಂಡೆಗೆ ಬಂದರೆ ಮಾತ್ರ ತಾವು ಬೀಗರು, ಹೊಳೆಯವ್ವ ಮನೆಯಾಕೆ ಅಂತ ಅಂದುಕೊಂಡಿದ್ದಾರೆ. ಎಲೆ ಇದ್ದ ಕಾಲಕ್ಕೆ ಅವಳು ಎತ್ತಿದಳು, ಪ್ಲಾಸ್ಟಿಕ್ಕು ಅವಳ ಕೈಲಿ ಎಲ್ಲಾದೀತು? ಹಂಗಾದರೆ ಬೀಗರನ್ನೇ ಮನೆಯವರನ್ನಾಗಿ ಮಾಡಬೇಕು, ಅಂದುಕೊಂಡು ನಗುನಗುತ್ತಾ ಮನೆಗೆ ಹೋದಳಂತೆ.

ಮೂರನೇದು ಭಾರತ ಹುಣ್ಣಿಮೆ. ಹೊತ್ತು ಹುಟ್ಟೋದರೊಳಗೆ ಹುಲಿಗೆವ್ವ ಹೊಳೆಗಿಳಿದು ಕೊಡ ತುಂಬಿ, ಅದಕ್ಕೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಅರಿಸಿನ ಕುಂಕುಮ ಹಚ್ಚಿ, ಹೊಂಗೆ ಮರದ ಕೆಳಗೆ ಮಣೆ ಹಾಕಿ ಕೂರಿಸಿದಳಂತೆ. ಬುತ್ತಿ ಗಂಟು ಹೊತ್ತು ಬಂದ ಬಂದವರಿಗೆಲ್ಲ, ಬರ್ರಿ, ಬರ್ರಿ, ಇವತ್ತು ಹೊಳೆಯವ್ವ ತವರಿಗೆ ಬಂದಾಳ, ನೀವ ಆಕಿ ತವರ ಮಂದಿ, ಮೊದಲು ಆಕಿಗೆ ಬಡಸ್ರಿ, ಆಮ್ಯಾಲೆ ನೀವು ಉಣ್ರಿ ಅಂದಳಂತೆ. ಹೆಣ್ಣುಮಕ್ಕಳಿಗೆ ತವರು ಅಂದರೆ ಕೇಳಬೇಕಾ? ಒಬ್ಬಳು ಹೋಳಿಗೆ ಇಟ್ಟಳು, ಒಬ್ಬಳು ತುಪ್ಪ ಬಿಟ್ಟಳು, ಒಬ್ಬಳು ಉಡಿ ತುಂಬಿದಳು. ಹುಲಿಗೆವ್ವ ಅವತ್ತು ಯಾರನ್ನೂ ಬೈಯಲಿಲ್ಲ, ಒಂದು ಚೂರೂ ಎತ್ತಲಿಲ್ಲ, ಕೊಡದ ಪಕ್ಕ ಕೂತು ಬೀಸಣಿಗೆ ಬೀಸುತ್ತಿದ್ದಳಂತೆ.

ಊಟ ಆಯಿತು. ದಪ್ಪ ಹೊಟ್ಟೆಯ ಒಬ್ಬ ಸಾವ್ಕಾರ ಡರ್ರನೆ ತೇಗಿ, ತಟ್ಟೆ ಬಾಟಲಿ ಎಲ್ಲಾ ಮುದುರಿ ರಪ್ಪನೆ ಒಗೆದ. ಅವನ ಮುದಿ ತಾಯಿ ಕೂತಲ್ಲಿಂದಲೇ, ಲೇ ಖೋಡಿ, ಮನಿಮಗಳು ಬಂದು ಕುಂತಾಳ, ಆಕಿ ಮಗ್ಗಲದಾಗ ಎಂಜಲ ಒಗೀತಿಯಲ್ಲೋ, ಆಕಿ ಎದ್ದು ಎತ್ತಬೇಕೇನು ಅಂತ ಗದರಿದಳಂತೆ. ಸಾವ್ಕಾರನ ಮುಖ ಬದನೆಕಾಯಿಯಾಯಿತು. ತೆಪ್ಪಗೆ ಎದ್ದು ಎತ್ತಿದ. ಅವನು ಎತ್ತಿದ್ದು ನೋಡಿ ಪಕ್ಕದವರು ಎತ್ತಿದರು, ಆಮೇಲೆ ಅವರ ಪಕ್ಕದವರು, ಆಮೇಲೆ ಓಣಿ ಓಣಿಗೇ ಪೈಪೋಟಿ ಬಿದ್ದು, ಹಿಂದಿನ ಹಬ್ಬಗಳಲ್ಲಿ ಮರಳಲ್ಲಿ ಮುಚ್ಚಿದ್ದನ್ನೂ ಕೆದರಿ ತೆಗೆದು, ಎಲ್ಲಾ ಗಂಟು ಕಟ್ಟಿ ತಾವು ಬಂದ ಟ್ರ್ಯಾಕ್ಟರಿಗೇ ಹೇರಿಕೊಂಡರಂತೆ.

ಸಂಜೆಗೆ ಗೌಡರು ಮುಳ್ಳಿನ ಬಂಡಿ ಹೊಡೆದುಕೊಂಡು ಬಂದರು. ಈ ತುದಿಯಿಂದ ಆ ತುದಿ ನಡೆದರು, ಮರಳು ಕೆದರಿದರು, ಕಲ್ಲು ಎತ್ತಿದರು. ಕಲ್ಲಡಿ ಒಂದು ಏಡಿ ಇತ್ತು, ಅದು ಗೌಡರನ್ನು ನೋಡಿ ಅಡ್ಡಡ್ಡ ಓಡಿತು, ಬೇರೇನೂ ಸಿಗಲಿಲ್ಲವಂತೆ. ಗೌಡರು ಬೆರಗಾಗಿ, ಜೇಬಿನಿಂದ ಅಡಿಕೆ ಚೀಟು ತೆಗೆದು, ಹರಿದು ಬಾಯಿಗೆ ಸುರಿದುಕೊಂಡು, ಖಾಲಿ ಚೀಟನ್ನು ರೂಢಿಯಂತೆ ಕೆಳಗೆ ಬಿಟ್ಟರು. ಹೊರಡಲು ನಿಂತಿದ್ದ ಜನರೆಲ್ಲ ತಿರುಗಿ ನೋಡಿದರು. ಹುಲಿಗೆವ್ವ ಮೆಲ್ಲಗೆ, ಯಪ್ಪಾ, ಬೀಗರಾಗಿ ಬಂದೀರೇನು, ಮನಿ ಮಂದ್ಯಾಗಿ ಬಂದೀರೇನು ಅಂತ ಕೇಳಿದಳಂತೆ. ಗೌಡರು ಹುಲಿಗೆವ್ವನ ಮುಖ ನೋಡಿದರು, ಕೆಳಗೆ ಬಿದ್ದ ಚೀಟು ನೋಡಿದರು. ಆಮೇಲೆ ಬಗ್ಗಿದರು, ತಲೆಯ ಪಟಗ ಜಾರಿ ಬಿದ್ದರೂ ಬಿಡದೆ ಚೀಟು ಎತ್ತಿ ಜೇಬಿಗಿಟ್ಟುಕೊಂಡು, ನಾನೂ ಮನಿ ಮಂದೀನ ಬಿಡವ್ವಾ ಅಂದರಂತೆ. ಜನ ನಕ್ಕ ನಗು ಆಚೆ ದಂಡೆಗೂ ಕೇಳಿಸಿತಂತೆ.

ಮುಳ್ಳಿನ ಬಂಡಿ ಬಂದ ದಾರಿಯಲ್ಲೇ ತಿರುಗಿ ಹೋಯಿತು. ಕಸ ಹೊತ್ತು ಒಯ್ಯೋ ಕಷ್ಟ ಯಾಕೆ ಅಂತ ಜನ ತಾವಾಗಿಯೇ ಎಲೆ, ತಂಬಿಗೆ ತರತೊಡಗಿದರಂತೆ. ಮುಂದಿನ ವರ್ಷ ಹುಲಿಗೆವ್ವ ಇನ್ನೊಂದು ಹರಿಗೋಲು ಕಟ್ಟಿದಳು, ಅದಕ್ಕೆ ಬಿದಿರು ಬಗ್ಗಿಸಿ ಹಿಡಿಯೋಕೆ ಗೌಡರೇ ಬಂದು ಕೂತರಂತೆ. ಅವರೆಲ್ಲ ಅಲ್ಲಿ ಉಂಡುಟ್ಟು ಸುಖವಾಗಿದ್ದಾರೆ, ಕತೆಯೂ ಇಲ್ಲಿಗೆ ಮುಗೀತು, ನಿನ್ನ ಕಣ್ಣೂ ಮುಚ್ಚಿಕೊಂಡವು.