ಬಾಯಿ ತೆರೆದರೆ ಹಾಡು

ಹೆದರಿಕೆ ಇದ್ದವರು ಹತ್ತಿರ ಸರಿದು ಕೂಡ್ರಿ, ಇದು ನೀಲವ್ವನ ಮಗ ಅಡಿವೆಪ್ಪನ ಕತೆ. ಬಸ್‌ಸ್ಟ್ಯಾಂಡಿನ ಹಿಂದೆ ನೀಲವ್ವನದೊಂದು ಸ್ಟುಡಿಯೋ. ಹಳೇ ವಿಡಿಯೋ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿ ಪೆನ್‌ಡ್ರೈವಿಗೆ ಹಾಕಿ ಕೊಡುವ ಕೆಲಸ. ಯಾರೂ ಕಲಿಸಲಿಲ್ಲ, ತಾನೇ ಕಲಿತಳು. ಮಗನಿಗೆ ಮಾತ್ರ ಕಲಿಸಲಾಗಲಿಲ್ಲ. ಮೂವತ್ತು ದಾಟಿದ್ದ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ಹೆದರಿಕೆ.

ಒಬ್ಬ ಮಾಸ್ತರರ ಬೀಳ್ಕೊಡುಗೆ ಇಳಿಸಿದಾಗ ತುಟಿ ಮೊದಲು ಆಡಿ ಮಾತು ಆಮೇಲೆ ಬಂತು. ದನಿಯನ್ನು ಅರ್ಧ ಸೆಕೆಂಡು ಮೊದಲೇ ಬರುವಂತೆ ಸರಿಸು ಎಂದಳು ತಾಯಿ. ತಿಳೀತು ಎಂದ, ಸರಿಸಿದ, ಸರಿಹೋಯಿತು. ಮರುದಿನದ ಮದುವೆ ಕ್ಯಾಸೆಟ್ಟಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು, ಅದನ್ನೂ ಸರಿಸಿದ. ತೆಂಗಿನಕಾಯಿ ಕಲ್ಲಿಗೆ ತಾಗುವ ಮೊದಲೇ ಒಡೆದ ಸದ್ದು ಬಂತು. ಅಪಶಕುನ ಎಂದು ಬೀಗರು ಅಂಗಡಿಗೇ ಬಂದು ಕೂಗಾಡಿದರು.

ನೀಲವ್ವ ಬೈದಳು. ಸರಿಸುವ ಮೊದಲು ಕೈ ನೋಡು, ಕೈಗೆ ಕೈ ತಾಗಿದಲ್ಲಿ ಚಪ್ಪಾಳೆಯ ಸದ್ದು ಕೂಡಿಸು ಎಂದಳು. ತಿಳೀತು ಎಂದ. ಮುಂದೆ ಬಂದದ್ದು ಶ್ರದ್ಧಾಂಜಲಿ ಸಭೆ. ಸತ್ತವರ ಫೋಟೋಕ್ಕೆ ಜನ ಒಬ್ಬೊಬ್ಬರೇ ಕೈ ಮುಗಿದರು. ಮುಗಿದಾಗಲೆಲ್ಲ ಅಡಿವೆಪ್ಪ ಬೇರೆ ಕ್ಯಾಸೆಟ್ಟಿನ ಚಪ್ಪಾಳೆ ತಂದು ಕೂಡಿಸಿದ.

“ಕೈ ಬಿಡೋ ಮಬ್ಬಾ, ಬಾಯಿ ನೋಡು. ಬಾಯಿ ತೆರೆದಾಗ ದನಿ ಬರಬೇಕು, ಮುಚ್ಚಿದಾಗ ನಿಲ್ಲಬೇಕು.”

“ತಿಳೀತು ಯವ್ವಾ.”

ಮಗ ತಿಳೀತು ಎಂದಾಗಲೇ ಆಕೆಗೆ ಹೆಚ್ಚು ಹೆದರಿಕೆ.

ಆಗ ಬಂದವನು ಗರಡಿಮನೆಯ ಬರಮಪ್ಪ ಪೈಲ್ವಾನ. ಅವನು ಬಂದರೆ ಅಕ್ಕಪಕ್ಕದ ಅಂಗಡಿಯವರು ಮಾತು ನಿಲ್ಲಿಸುತ್ತಿದ್ದರು. ಬೂಸ್ಟು ಹಿಡಿದ ಕ್ಯಾಸೆಟ್ಟೊಂದನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಅವನು ತೊಟ್ಟಿಲಲ್ಲಿದ್ದಾಗಿನ ಚಿತ್ರವಂತೆ. ತಾಯಿ ಜೋಗುಳ ಹಾಡಿದ್ದಳಂತೆ, ಅದೇ ವರ್ಷ ತೀರಿಕೊಂಡಳಂತೆ.

“ನಮ್ಮವ್ವನ ದನಿ ಹೆಂಗಿತ್ತು ಅಂತ ನನಗ ಗೊತ್ತಿಲ್ಲ ಅಕ್ಕಾರ,” ಎಂದ. “ಇದು ಕೆಟ್ಟರ ನಾ ಸುಮ್ಮನಿರೂದಿಲ್ಲ.”

ಕ್ಯಾಸೆಟ್ಟಿನ ಟೇಪು ಒಂದು ಸಲ ಓಡಿ ತುಂಡಾಯಿತು. ಇನ್ನು ಕಂಪ್ಯೂಟರಿಗೆ ಇಳಿದದ್ದಷ್ಟೇ ಗತಿ. ದನಿ ಮತ್ತೆ ಹಿಂದೆ ಬಿದ್ದಿತ್ತು. ನೀಲವ್ವ ಸಾವಿನ ಮನೆಯವರ ಕ್ಷಮೆ ಕೇಳಲು ಹೋಗಲೇಬೇಕಿತ್ತು. ಏನನ್ನೂ ಅಳಿಸಬೇಡ ಎಂದು ಮಗನ ಗದ್ದ ಹಿಡಿದು ಹೇಳಿ ಹೋದಳು. ಬರುವಷ್ಟರಲ್ಲಿ ಪೈಲ್ವಾನ ಬಂದು ಪರದೆಯ ಮುಂದೆ ಕೂತಿದ್ದ.

ಚಿತ್ರದಲ್ಲಿ ತಾಯಿಯ ಸೀರೆಯ ನೆರಿಗೆ ಮಾತ್ರ ಕಾಣುತ್ತಿತ್ತು. ಕಾಣುವ ಬಾಯಿ ಕೂಸಿನದೊಂದೇ. ಕೂಸು ಆಕಳಿಸಿತು, ಅದರ ಬಾಯಿಂದ ಹೆಂಗಸಿನ ಜೋಗುಳ ಬಂತು. ಬಾಯಿ ಮುಚ್ಚಿತು, ಜೋಗುಳ ಕಡಿಯಿತು.

ಬರಮಪ್ಪ ಎದ್ದು ನಿಂತ. ಉಳಿದ ಹಾಡು ಎಲ್ಲಿ ಎಂದು ನೀಲವ್ವ ಮಗನನ್ನು ಕೇಳಿದಳು.

“ಅಳಿಸಬ್ಯಾಡ ಅಂದಿದ್ದಿಯಲ್ಲ. ಬ್ಯಾರೆ ತಗದಿಟ್ಟೀನಿ.”

ಪೂರ್ತಿ ಹಾಡು ಹಚ್ಚಿದ. ಪೈಲ್ವಾನ ಬಾಯಿ ತೆರೆದುಕೊಂಡು ಕುಸಿದು ಕೂತ. ಕಣ್ಣು ತುಂಬಿ ಬಂತು, ಉಗುಳು ನುಂಗಲು ಬಾಯಿ ಮುಚ್ಚಿದ. ಅಡಿವೆಪ್ಪ ಟಕ್ಕನೆ ಹಾಡು ನಿಲ್ಲಿಸಿದ.

ಪೈಲ್ವಾನ ನಿಧಾನ ತಿರುಗಿದ. ನೀಲವ್ವ ಬಾಗಿಲು ಹಿಡಿದುಕೊಂಡಳು.

“ಬಾಯಿ ತೆರೀರಿ,” ಎಂದ ಅಡಿವೆಪ್ಪ.

ತೆರೆದ. ಹಾಡು ಬಂತು. ಅದು ಮುಗಿಯುವ ತನಕ, ಹಲ್ಲಿನ ಮೇಲೆ ನೊಣ ಕೂತರೂ, ಪೈಲ್ವಾನ ಬಾಯಿ ಮುಚ್ಚಲಿಲ್ಲ.